ಏರಿ ನೋಡಿ, ಕೋಡಿ ನೋಡಿ
ದಾವಣಗೆರೆ–ಹರಿಹರ ಸೀಮೆಯ ನೀರು ಬಳಕೆದಾರರ ಸಂಘಗಳಿಗೆ ಒಂದು ಬಹಿರಂಗ ಪತ್ರ



ಕೆರೆ ತುಂಬಿದರೆ ಬಾಗಿನ ಅರ್ಪಿಸುವುದು ಈ ಸೀಮೆಯ ವಾಡಿಕೆ. ಊರಿನವರೆಲ್ಲ ಏರಿಯ ಮೇಲೆ ಸೇರುತ್ತಾರೆ, ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ಗಂಗಮ್ಮನಿಗೆ ಒಪ್ಪಿಸುತ್ತಾರೆ, ಶಾಸಕರು ಬರುತ್ತಾರೆ, ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ವರ್ಷಗಟ್ಟಲೆ ಬರ ಕಂಡ ಊರಿಗೆ ಅದು ನಿಜವಾದ ಹಬ್ಬ. ಈ ಪತ್ರ ಕೇಳುವುದು ಹಬ್ಬ ಮುಗಿದ ಮೇಲಿನ ಮಾತನ್ನು. ಬಾಗಿನ ಬಿಟ್ಟವರು ಮನೆ ಸೇರಿದ ಮೇಲೆ, ನಡುರಾತ್ರಿ ಮಳೆ ಹಿಡಿದಾಗ, ಆ ಏರಿಯ ಮೇಲೆ ಲಾಟೀನೋ ಬ್ಯಾಟರಿಯೋ ಹಿಡಿದು ನಡೆಯುವವರು ಈಗ ಯಾರಿದ್ದಾರೆ?

ಹಿಂದೆ ಅದಕ್ಕೆ ನೀರುಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು, ಸರದಿಯಂತೆ ಗದ್ದೆಗೆ ನೀರು ಬಿಡುವುದು ಅವನ ಕೆಲಸವಾಗಿತ್ತು. ಏರಿಯಲ್ಲಿ ಹೆಗ್ಗಣ ಎಲ್ಲಿ ಬಿಲ ತೋಡಿದೆ, ಎಲ್ಲಿ ಮಣ್ಣು ಕುಸಿದಿದೆ ಎಂಬುದೂ ಅವನಿಗೇ ಮೊದಲು ತಿಳಿಯುತ್ತಿತ್ತು. ಕೊಯ್ಲಿನ ಹೊತ್ತಿಗೆ ಕಣದಲ್ಲಿ ಅವನಿಗೆ ಪಾಲು ಸಿಗುತ್ತಿತ್ತು. ಆ ಪಾಲು ನಿಂತಿತು, ಕೆಲಸವೂ ನಿಂತಿತು. ಅವನ ಜಾಗಕ್ಕೆ ಕಾಗದದ ಮೇಲೆ ಬಂದವರು ನೀವು, ನೀರು ಬಳಕೆದಾರರ ಸಂಘದವರು.

ಈ ಮಾತನ್ನು ಸೂಳೆಕೆರೆಯಿಂದಲೇ ಆರಂಭಿಸಬೇಕು. ಚನ್ನಗಿರಿ ತಾಲ್ಲೂಕಿನ ಈ ಕೆರೆ ಸರ್ಕಾರದ ಕಡತದಲ್ಲಿ ಶಾಂತಿಸಾಗರ. ಸ್ವರ್ಗಾವತಿಯ ರಾಜನ ಮಗಳು ಶಾಂತವ್ವ ಕಟ್ಟಿಸಿದಳು ಎಂಬ ಕಥೆ ನಿಮಗೆ ಹೊಸದಲ್ಲ. ಕಥೆ ಹೇಗೇ ಇರಲಿ, ಸುಮಾರು 900 ವರ್ಷದಿಂದ ನಿಂತಿರುವ ಏರಿ ಕಣ್ಣೆದುರಿಗೇ ಇದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಆ ಏರಿಯ ಉದ್ದ ಸುಮಾರು 950 ಅಡಿ ಮಾತ್ರ. ಅದರ ಹಿಂದೆ ನಿಲ್ಲುವ ನೀರಿನ ಹರವು ಸುಮಾರು 6,550 ಎಕರೆ. ನೀರು ಬಿಡಲು ಎರಡು ತೂಬು, ಸಿದ್ದನ ನಾಲೆಗೊಂದು, ಬಸವನ ನಾಲೆಗೊಂದು. ಇಷ್ಟು ಚಿಕ್ಕ ಕಟ್ಟೆಗೆ ಇಷ್ಟು ದೊಡ್ಡ ನೀರು ನಿಲ್ಲಬೇಕಾದರೆ ಜಾಗ ಆರಿಸಿದವರ ಕಣ್ಣು ಎಂಥದ್ದಿರಬೇಕು! ಇವತ್ತು ಚಿತ್ರದುರ್ಗ ನಗರಕ್ಕೂ, ಎಷ್ಟೋ ಹಳ್ಳಿಗಳಿಗೂ ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ.

ಸೂಳೆಕೆರೆ ಎಂದರೆ ನೀರಾವರಿ, ಸೂಳೆಕೆರೆ ಎಂದರೆ ಕುಡಿಯುವ ನೀರು ಎಂದೇ ಎಲ್ಲರ ಬಾಯಲ್ಲಿ. ಅದು ಪ್ರವಾಹ ತಡೆಯುವ ಕಟ್ಟೆಯೂ ಹೌದು ಎಂದು ಯಾರೂ ಹೇಳುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕೆರೆಗೆ ನೀರು ಬಸಿಯುವ ಪ್ರದೇಶ ಸುಮಾರು 330 ಚದರ ಕಿಲೋಮೀಟರ್. ಅದರ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಸುರಿದು, ಅದರಲ್ಲಿ ಮೂರನೇ ಒಂದು ಪಾಲು ಹರಿದು ಕೆರೆಗೆ ಬಂತು ಎಂದಿಟ್ಟುಕೊಳ್ಳಿ. ಒಂದು ಕೋಟಿ ಹತ್ತು ಲಕ್ಷ ಘನ ಮೀಟರ್ ನೀರಾಯಿತು, ಹತ್ತಿರ ಹತ್ತಿರ 0.4 ಟಿಎಂಸಿ. ಕೆರೆಯ ಹರವು ದೊಡ್ಡದಿರುವುದರಿಂದ ಇಷ್ಟೂ ನೀರು ಸೇರಿ ಮಟ್ಟವನ್ನು ಏರಿಸುವುದು ಒಂದೂಕಾಲು, ಒಂದೂವರೆ ಅಡಿ ಮಾತ್ರ. ಕೋಡಿಗಿಂತ ಒಂದೂವರೆ ಅಡಿ ಕೆಳಗಿದ್ದ ಕೆರೆ ಆ ಮಳೆಯನ್ನೆಲ್ಲ ನುಂಗಿ ಸುಮ್ಮನಿರುತ್ತದೆ. ಕೋಡಿಯ ಮಟ್ಟಕ್ಕೆ ತುಂಬಿದ್ದ ಕೆರೆಯಾದರೆ ಬಂದ ನೀರನ್ನು ಸ್ವಲ್ಪ ತಡವಾಗಿ, ಸ್ವಲ್ಪ ನಿಧಾನವಾಗಿ ಬಿಟ್ಟೀತೇ ಹೊರತು ಹಿಡಿದಿಡಲಾರದು. ಅದೆಲ್ಲ ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಹರಿಹರದ ಕಡೆಗೆ ಬರುತ್ತದೆ.

ಆ ಹಳ್ಳಕ್ಕೆ ಕಟ್ಟೆ ಒಡೆಯುವುದು ಹೊಸದೇನಲ್ಲ. ಹರಿಹರದ ಶಾಸನಗಳಲ್ಲೇ ಅದರ ದಾಖಲೆ ಇದೆ. 1410ರಲ್ಲಿ, ವಿಜಯನಗರದ ದೇವರಾಯನ ಆಳ್ವಿಕೆಯಲ್ಲಿ, ಹರಿದ್ರೆಗೆ ಅಣೆಕಟ್ಟು ಕಟ್ಟಿ ಹರಿಹರಕ್ಕೆ ಕಾಲುವೆ ತಂದರು. ಕಾಲುವೆಯಿಂದ ನೀರಾವರಿಯಾದ ಭೂಮಿಯಲ್ಲಿ ಎರಡು ಪಾಲು ಹರಿಹರ ದೇವರಿಗೆ, ಸ್ವಂತ ಖರ್ಚಿನಲ್ಲಿ ಕಾಲುವೆ ತೋಡಿಸಿದ ಬ್ರಾಹ್ಮಣರಿಗೆ ಒಂದು ಪಾಲು ಎಂದು ಕಟ್ಟಳೆಯಾಯಿತು. ಹದಿನಾಲ್ಕು ವರ್ಷದಲ್ಲಿ, 1424ರ ಶಾಸನದ ಹೊತ್ತಿಗೆ, ಆ ಕಟ್ಟೆ ಒಡೆದುಹೋಗಿತ್ತು. ದಂಡನಾಯಕ ಚಾಮನೃಪಾಲ ಹಣ ಕೊಟ್ಟು ಅದನ್ನು ಮತ್ತೆ ಕಟ್ಟಿಸಿದ. ಹೊಯ್ಸಳರ ಕಾಲದಲ್ಲಿ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಗೆ ಹೋಗುವ ಭಕ್ತರಲ್ಲಿ ಎಷ್ಟು ಜನ ಆ ಕಲ್ಲುಗಳನ್ನು ಓದುತ್ತಾರೋ! ಕಟ್ಟಿದ ಸುದ್ದಿಯ ಜೊತೆಗೆ ಒಡೆದ ಸುದ್ದಿಯನ್ನೂ, ಪಾಲು ಹಂಚಿದ್ದನ್ನೂ, ದುರಸ್ತಿಯ ಹಣ ಕೊಟ್ಟವರನ್ನೂ ಕಲ್ಲಿನಲ್ಲಿ ಕೆತ್ತಿಸಿಟ್ಟ ಊರು ನಿಮ್ಮದು.

ಅದೇ ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಶಾಸನ ಹಾಕಿಸಿದ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಕೆರೆಯನ್ನು ಕೆಡಿಸುವ ಆರು ದೋಷಗಳು ಅದರಲ್ಲಿವೆ. ದೋಷಗಳಲ್ಲಿ ಒಂದು, ಏರಿಯಿಂದ ನೀರು ಜಿನುಗುವುದು. ಇನ್ನೊಂದು, ಅಚ್ಚುಕಟ್ಟು ಚಿಕ್ಕದಿದ್ದು ನೀರು ಅತಿಯಾಗಿ ಬರುವುದು. ನೀರು ಕಡಿಮೆಯಾದರೆ ದೋಷ ಎಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ದೋಷವೇ ಎಂದು 650 ವರ್ಷದ ಹಿಂದೆ ಬರೆದಿಟ್ಟವರು ಏರಿ ಒಡೆದದ್ದನ್ನು ಕಂಡವರೇ ಇರಬೇಕು.

ಈಗ ಇಂದಿನ ವಿಷಯ.

ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಜಾಕ್‌ವೆಲ್‌ನಿಂದ ತುಂಗಭದ್ರೆಯ ನೀರೆತ್ತಿ 22 ಕೆರೆ ತುಂಬಿಸುವ ಯೋಜನೆ ಬಂತು. ಆಮೇಲೆ ದೀಟೂರಿನಿಂದ ಜಗಳೂರು ಕಡೆಯ 57 ಕೆರೆಗಳಿಗೆ ನೀರು ಒಯ್ಯುವ ಯೋಜನೆ ಬಂತು. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲಗಾರರಾದ ರೈತರಿಗೆ ಇವು ಜೀವ ತಂದ ಕೆಲಸಗಳು. ಹೋರಾಡಿ ಪಡೆದವುಗಳು. ಅವನ್ನು ಬೇಡ ಎನ್ನುವವರು ಬರದ ಜಗಳೂರನ್ನು ನೋಡಿಲ್ಲ.

ಆದರೆ ಇವುಗಳಿಂದ ಕೆರೆಯ ನಡತೆಯೇ ಬದಲಾಗಿದೆ, ಅದನ್ನು ಗಮನಿಸಿದವರು ಕಡಿಮೆ. ಹೊಳೆಯಲ್ಲಿ ನೀರಿರುವುದು ಮಲೆನಾಡಿನ ಮಳೆಗಾಲದಲ್ಲಿ, ಜುಲೈ–ಆಗಸ್ಟ್‌ನಲ್ಲಿ. ಆಗಲೇ ಯಂತ್ರ ಓಡುತ್ತವೆ, ಕೆರೆ ತುಂಬುತ್ತವೆ. ಈ ಬಯಲುಸೀಮೆಯ ಸ್ವಂತ ಮಳೆ ಜೋರಾಗುವುದು ಅದಾದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಹಳೆಯ ಕಾಲದಲ್ಲಿ ಹಸ್ತದ ಮಳೆ ಬರುವ ಹೊತ್ತಿಗೆ ಬಹುತೇಕ ಕೆರೆಗಳು ಅರ್ಧವೋ ಕಾಲುಭಾಗವೋ ಇರುತ್ತಿದ್ದವು. ಒಂದು ರಾತ್ರಿಯ ಮಳೆಯನ್ನು ಹಿಡಿಯಲು ಹೊಟ್ಟೆಯಲ್ಲಿ ಜಾಗ ಇರುತ್ತಿತ್ತು. ಈಗ ಅದೇ ಮಳೆ ಬರುವ ಹೊತ್ತಿಗೆ ಕೆರೆ ಕೋಡಿಯ ಮಟ್ಟದಲ್ಲಿ ನಿಂತಿರುತ್ತದೆ. ಹತ್ತು ಚದರ ಕಿಲೋಮೀಟರ್ ಬಸಿ ಪ್ರದೇಶವಿದ್ದು, ಐವತ್ತು ಹೆಕ್ಟೇರ್ ಹರವಿರುವ ಒಂದು ಊರ ಕೆರೆಗೆ ಮೇಲೆ ಹೇಳಿದ ಲೆಕ್ಕವನ್ನೇ ಹಾಕಿದರೆ ಮಟ್ಟ ಎರಡು ಅಡಿಗೂ ಹೆಚ್ಚು ಏರಬೇಕು. ಕೋಡಿ ಅಷ್ಟನ್ನೂ ಹೊರಹಾಕಲಾರದೆ ಹೋದರೆ ನೀರು ಏರಿಯ ತಲೆಯ ಮೇಲೆ ಹತ್ತುತ್ತದೆ.

ಇನ್ನೊಂದು ಸಂಗತಿಯೂ ಇದೆ. ಹತ್ತಾರು ವರ್ಷ ಒಣಗಿ ನಿಂತ ಏರಿಗಳು ಇವು. ಎರೆಮಣ್ಣಿನ ಏರಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಬಳ್ಳಾರಿ ಜಾಲಿ ಬೆಳೆದು ಬೇರು ಒಳಗೆ ಇಳಿದಿದೆ, ಕಡಿದ ಜಾಲಿಯ ಬೇರು ಕೊಳೆತು ಪೊಳ್ಳಾಗಿದೆ. ಮಣ್ಣು ಬೇಕಾದವರು ಏರಿಯ ಬುಡಕ್ಕೇ ಜೆಸಿಬಿ ಹಚ್ಚಿ ಟ್ರ್ಯಾಕ್ಟರ್ ತುಂಬಿಕೊಂಡಿದ್ದಾರೆ. ಇಂಥ ಏರಿಗೆ ಒಂದೇ ಹಂಗಾಮಿನಲ್ಲಿ ಪೂರ್ತಿ ನೀರಿನ ಭಾರ ಬಂದರೆ ಏನಾಗಬೇಕು? ಪೈಪು, ಪಂಪು, ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟಷ್ಟು ಲಕ್ಷ್ಯ ಏರಿಗೂ ಕೊಡಬೇಕಿತ್ತು. ನೀರು ತಂದವರ ಹೊಣೆ ನೀರು ತಂದಲ್ಲಿಗೇ ಮುಗಿಯಬಾರದು.

ಮಣ್ಣಿನ ಏರಿ ಸಾಮಾನ್ಯವಾಗಿ ಎರಡು ದಾರಿಯಲ್ಲಿ ಹೋಗುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವಂಥದ್ದು. ನೀರು ಏರಿಯ ಮೇಲೆ ಹತ್ತಿ ಹಿಂಬದಿಗೆ ಇಳಿಯುತ್ತದೆ, ಇಳಿದಲ್ಲಿ ಮಣ್ಣು ಕೊರೆಯುತ್ತದೆ, ಆ ಕೊರೆತ ಮೇಲಮೇಲಕ್ಕೆ ಸಾಗಿ ಏರಿಯನ್ನೇ ಸೀಳುತ್ತದೆ. ಕಲ್ಲಿನ ಅಣೆಕಟ್ಟಿನ ಮೇಲೆ ನೀರು ಹರಿದರೂ ಅದು ತಾಳಬಹುದು, ಮಣ್ಣಿನದು ತಾಳುವುದಿಲ್ಲ. ಗುಜರಾತಿನ ಮೋರ್ಬಿಯಲ್ಲಿ 1979ರ ಆಗಸ್ಟ್ 11ರಂದು ಮಚ್ಛು–2 ಅಣೆಕಟ್ಟಿನ ನಡುವಿನ ಕಲ್ಲಿನ ಭಾಗ ನಿಂತಿತು, ಎರಡೂ ಬದಿಯ ಮಣ್ಣಿನ ಏರಿ ಕೊಚ್ಚಿಹೋಯಿತು, ಊರು ಮುಳುಗಿ ಸಾವಿರಾರು ಜನ ಸತ್ತರು.

ಎರಡನೆಯದು ಕಾಣದೆ ನಡೆಯುವಂಥದ್ದು. ಬಿಲವೋ, ಕೊಳೆತ ಬೇರೋ, ತೂಬಿನ ಪಕ್ಕದ ಸಂದೋ ಸಿಕ್ಕರೆ ಸಾಕು, ನೀರು ಒಳಗಿಂದಲೇ ದಾರಿ ಮಾಡಿಕೊಳ್ಳುತ್ತದೆ. ಏರಿಯ ಹಿಂಬದಿಯ ಬುಡದಲ್ಲಿ ಜಿನುಗು ಕಾಣಿಸುತ್ತದೆ. ಆ ನೀರನ್ನು ಬೊಗಸೆಯಲ್ಲೋ ಗಾಜಿನ ಲೋಟದಲ್ಲೋ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ಏರಿ ಬಸಿಯುತ್ತಿದೆ ಎಂದರ್ಥ, ಗುರುತು ಹಾಕಿ ದಿನವೂ ನೋಡುತ್ತಿದ್ದರೆ ಸದ್ಯಕ್ಕೆ ಸಾಕು. ಲೋಟದ ತಳದಲ್ಲಿ ಮಣ್ಣು ಕೂತರೆ, ಬಣ್ಣ ರಾಡಿಯಾದರೆ, ಏರಿಯ ಮಣ್ಣೇ ಹೊರಗೆ ಬರುತ್ತಿದೆ. ಆಗ ಗಂಟೆಗಳ ಲೆಕ್ಕ. ಎಷ್ಟೋ ಕಡೆ ಜನ ಗಾಬರಿಯಲ್ಲಿ ಆ ಬಾಯಿಗೆ ಜೇಡಿಮಣ್ಣು ತುರುಕುತ್ತಾರೆ. ಅದು ತಪ್ಪು. ಒಂದು ಕಡೆ ಮುಚ್ಚಿದ ನೀರು ಒತ್ತಡ ಕಟ್ಟಿಕೊಂಡು ಇನ್ನೊಂದು ಕಡೆ ಒಡೆದು ಬರುತ್ತದೆ. ನೀರನ್ನು ಹೋಗಬಿಟ್ಟು ಮಣ್ಣನ್ನು ಮಾತ್ರ ಹಿಡಿಯಬೇಕು. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಸುತ್ತ ಮರಳು ಚೀಲದ ಕಟ್ಟೆ. ಅತ್ತ ತೂಬು ಪೂರ್ತಿ ಎತ್ತಿ ಕೆರೆಯ ಮಟ್ಟ ಇಳಿಸಬೇಕು, ಇತ್ತ ಏರಿಯ ಕೆಳಗಿನ ಮನೆಗಳನ್ನು ಖಾಲಿ ಮಾಡಿಸಬೇಕು, ತಹಶೀಲ್ದಾರರಿಗೂ ಇಲಾಖೆಯ ಎಂಜಿನಿಯರಿಗೂ ಫೋನು ಮಾಡಬೇಕು. ಎರಡು ಲೋಡು ಮರಳು, ಎರಡು ಲೋಡು ಜಲ್ಲಿ ಏರಿಯ ಹತ್ತಿರ ಮೊದಲೇ ಹಾಕಿಟ್ಟಿದ್ದರೆ ಮಾತ್ರ ಇದೆಲ್ಲ ಆಗುವ ಮಾತು. ರಾತ್ರಿ ಎರಡು ಗಂಟೆಗೆ ಮರಳು ಎಲ್ಲಿಂದ ತರುತ್ತೀರಿ?

ಕೋಡಿಯ ಬಗ್ಗೆ ನಿಮ್ಮೊಂದಿಗೆ ನೇರವಾಗಿ ಮಾತಾಡಬೇಕು. ಅಚ್ಚುಕಟ್ಟಿನ ರೈತರೇ ಕೋಡಿಗೆ ಕಲ್ಲು ಜೋಡಿಸಿ, ಮರಳು ಚೀಲ ಇಟ್ಟು ಇನ್ನೊಂದು ಅಡಿ ನೀರು ನಿಲ್ಲಿಸುವುದು ಹಲವು ಕೆರೆಗಳಲ್ಲಿ ನಡೆದಿದೆ. ಮೀನು ಗುತ್ತಿಗೆ ಹಿಡಿದವರು ಮೀನು ಹೊರಗೆ ಹೋಗದಂತೆ ಕೋಡಿಗೆ ಬಲೆ ಕಟ್ಟುತ್ತಾರೆ. ಕಸಕಡ್ಡಿ, ಜೊಂಡು ಬಂದು ಬಲೆಗೆ ಅಂಟಿದರೆ ಅದೇ ಗೋಡೆಯಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಎಂಬ ಮಣ್ಣಿನ ಅಣೆಕಟ್ಟು ಇತ್ತು. ಶ್ರೀಮಂತರ ಕ್ಲಬ್ಬೊಂದು ಅದನ್ನು ಮೀನು ಹಿಡಿಯುವ ಕೆರೆ ಮಾಡಿಕೊಂಡಿತು. ಸಾರೋಟು ಓಡಾಡಲೆಂದು ಏರಿಯ ತಲೆಯನ್ನು ತಗ್ಗಿಸಿದರು, ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಹಾಕಿದರು, ತಳದ ತೂಬಿನ ಪೈಪುಗಳನ್ನು ಹಿಂದೆಯೇ ತೆಗೆದಿದ್ದರು, ಮತ್ತೆ ಹಾಕಲಿಲ್ಲ. 1889ರ ಮೇ 31ರ ಮಳೆಗೆ ಏರಿ ಒಡೆಯಿತು. ಕೆಳಗಿನ ಜಾನ್ಸ್‌ಟೌನ್‌ನಲ್ಲಿ 2,209 ಜನ ಸತ್ತರು. ತಗ್ಗಿದ ಏರಿ, ಬಲೆ ಕಟ್ಟಿದ ಕೋಡಿ, ಎತ್ತಲಾಗದ ತೂಬು. ಈ ಮೂರೂ ಒಟ್ಟಿಗಿರುವ ಕೆರೆ ನಿಮ್ಮ ಹೋಬಳಿಯಲ್ಲಿ ಇಲ್ಲ ಎಂದು ನೀವು ಹೇಳಬಲ್ಲಿರಾ?

ಲಿಬಿಯಾದ ಡೆರ್ನಾದ ಎರಡು ಕಟ್ಟೆಗಳನ್ನಂತೂ 1970ರ ದಶಕದಲ್ಲಿ ಕಟ್ಟಿದ್ದೇ ಊರನ್ನು ಪ್ರವಾಹದಿಂದ ಕಾಪಾಡಲು. ಮಣ್ಣು, ಕಲ್ಲು ತುಂಬಿ ಕಟ್ಟಿದವು. ಬಿರುಕು ಬಿಟ್ಟದ್ದು ಎಷ್ಟೋ ವರ್ಷ ಮೊದಲೇ ಗೊತ್ತಿತ್ತು, ದುರಸ್ತಿಯ ಗುತ್ತಿಗೆಯೂ ಆಗಿತ್ತು, ಕೆಲಸ ಮುಗಿಯಲಿಲ್ಲ. 2023ರ ಸೆಪ್ಟೆಂಬರ್ 10ರ ರಾತ್ರಿ ಬಿರುಗಾಳಿ ಮಳೆಗೆ ಒಂದರ ಹಿಂದೊಂದು ಒಡೆದವು. ಕಾಯಲು ಕಟ್ಟಿದ ಕಟ್ಟೆಯನ್ನು ಕಾಯುವವರಿರಲಿಲ್ಲ. ಒಂದು ಒಡೆದರೆ ಕೆಳಗಿನದೂ ಒಡೆಯುವ ಭಯ ಈ ಸೀಮೆಗೂ ಇದೆ, ಏಕೆಂದರೆ ಇಲ್ಲಿಯ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಿಕೊಂಡಿವೆ. ಮೈಸೂರು ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕಲು ಜಾಣ್ಮೆಯೇ ಬೇಕು ಎಂದು ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲೇ ಬೆರಗಾಗಿ ಬರೆದಿದ್ದರು. ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಯ ಒಳಹರಿವು.

ಹರಿಹರದವರಿಗೆ ಪ್ರವಾಹ ಎಂದರೆ ಹೊಳೆ. ಭದ್ರೆಗೆ 71.5 ಟಿಎಂಸಿಯ ಜಲಾಶಯವಿದೆ, ತುಂಬುವವರೆಗೆ ನೆರೆಯನ್ನು ಹಿಡಿದಿಡುತ್ತದೆ. ತುಂಗೆಗೆ ಗಾಜನೂರಿನಲ್ಲಿರುವುದು 3.24 ಟಿಎಂಸಿಯ ಚಿಕ್ಕ ಕಟ್ಟೆ, ಮಲೆನಾಡಿನ ಮಳೆ ಹೇಗೆ ಬಂತೋ ಹಾಗೇ ಕೂಡ್ಲಿ ದಾಟಿ ಹೊನ್ನಾಳಿಗೆ, ಹರಿಹರಕ್ಕೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬಂದದ್ದು ಹಾಗೆಯೇ. ಗಂಗಾನಗರದ ಮನೆಗಳಿಗೆ ನೀರು ನುಗ್ಗುವುದು, ಉಕ್ಕಡಗಾತ್ರಿ–ಫತ್ಯಾಪುರ ರಸ್ತೆ ಮುಳುಗುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ. ಹೊಳೆಯ ನೆರೆ ಬರುವ ಮುನ್ನ ಶಿವಮೊಗ್ಗದಿಂದ ಸುದ್ದಿ ಬರುತ್ತದೆ, ಎಷ್ಟು ಕ್ಯುಸೆಕ್ ಬಿಟ್ಟರೆಂದು ತಿಳಿಯುತ್ತದೆ. ಹಳ್ಳದ ನೆರೆಗೆ ಅಂಥ ಸುದ್ದಿ ಕೊಡುವವರಿಲ್ಲ. ಚನ್ನಗಿರಿ ಕಡೆ ರಾತ್ರಿ ಬಿದ್ದ ಮಳೆ ಬೆಳಗ್ಗೆ ಹಳ್ಳದ ದಂಡೆಯ ಭತ್ತದ ಗದ್ದೆಯಲ್ಲಿ ನಿಂತಾಗಲೇ ಗೊತ್ತಾಗುವುದು. ಹೊಳೆಯೂ ತುಂಬಿದ್ದರೆ ಹಳ್ಳದ ನೀರಿಗೆ ಇಳಿಯಲು ದಾರಿಯಿಲ್ಲ, ಹಿಂದಕ್ಕೆ ಒತ್ತುತ್ತದೆ. ದೇವರಬೆಳಕೆರೆ ಪಿಕಪ್‌ನ ಹಿನ್ನೀರಿನಲ್ಲಿ ಜಲಸಸ್ಯ ಹೆಣೆದುಕೊಂಡು ಸುತ್ತಲಿನ ಗದ್ದೆ ಮುಳುಗಿದಾಗ ರೈತರು ಪಟ್ಟ ಪಾಡು ನಿಮಗೆ ನೆನಪಿದೆ.

ದಾವಣಗೆರೆಯೊಳಗೆ ಮಾತು ಬೇರೆ. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ನಗರದ ಕುಡಿಯುವ ನೀರಿನ ಸಂಗ್ರಹಗಳು, ಆದ್ದರಿಂದ ತುಂಬಿಯೇ ಇರಬೇಕು. ಏರಿಯ ಕೆಳಗೆ ಗದ್ದೆಯಿದ್ದ ಕಾಲದಲ್ಲಿ ಏರಿ ಒಡೆದರೆ ಬೆಳೆ ಹೋಗುತ್ತಿತ್ತು, ಈಗ ಬಡಾವಣೆಗಳಿವೆ. ಸ್ಮಾರ್ಟ್ ಸಿಟಿ ಹಣದಲ್ಲಿ ಕುಂದವಾಡದ ಏರಿಯ ಕೆಲಸ ನಡೆದಾಗ ಹಕ್ಕಿಗಳ ನೆಲೆ ಹೋಗುತ್ತದೆಂದು ಪರಿಸರದವರು ದನಿ ಎತ್ತಿದರು, ಅದು ಸರಿಯಾದ ದನಿ. ಬೆಳಗಿನ ವಾಕಿಂಗ್ ದಾರಿ ಹೇಗಿರಬೇಕೆಂಬ ಚರ್ಚೆಯ ಜೊತೆಗೆ, ಹೆಚ್ಚಾದ ನೀರು ಯಾವ ಮೋರಿಯಲ್ಲಿ ಹೋಗುತ್ತದೆ, ಆ ಮೋರಿ ಎಷ್ಟು ಅಗಲ ಉಳಿದಿದೆ ಎಂಬ ಚರ್ಚೆಯೂ ಅಷ್ಟೇ ಜೋರಾಗಿ ನಡೆಯಬೇಕು.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದಾಗ ಇಡೀ ರಾಜ್ಯ ಎಚ್ಚೆತ್ತು ಕೂತಿತು. ದೊಡ್ಡ ಅಣೆಕಟ್ಟುಗಳಿಗೆ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ. ಅದು ಮುಖ್ಯವಾಗಿ 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತುಗಳೊಂದಿಗೆ 10ರಿಂದ 15 ಮೀಟರಿನವಕ್ಕೆ ಅನ್ವಯ. ಊರ ಕೆರೆಗಳಲ್ಲಿ ಹೆಚ್ಚಿನವು ಅದರ ಹೊರಗೆ ಉಳಿಯುತ್ತವೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯಿತಿ. ಕಾನೂನಿನ ಕಣ್ಣು ತಲುಪದ ಕಡೆ ಊರಿನವರ ಕಣ್ಣೇ ಗತಿ.

ಆದ್ದರಿಂದ ಸಂಘಗಳ ಮುಂದೆ ಕೆಲವು ಬೇಡಿಕೆಗಳಿವೆ. ಉತ್ತರೆ ಮಳೆ ಮುಗಿಯುವ ಮುನ್ನ ಪ್ರತಿ ಕೆರೆಯ ಏರಿಯ ಮೇಲೂ ಬುಡದಲ್ಲೂ ಈ ತುದಿಯಿಂದ ಆ ತುದಿಯವರೆಗೆ ಹತ್ತು ಜನ ನಡೆಯಿರಿ. ಬಿಲ, ಬಿರುಕು, ಜಿನುಗು, ತಗ್ಗು ಕಂಡಲ್ಲಿ ಸುಣ್ಣದ ಗುರುತು ಹಾಕಿ, ಪುಸ್ತಕದಲ್ಲಿ ಬರೆದು, ಒಂದು ಪ್ರತಿಯನ್ನು ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೋಡಿಯ ಮೇಲಿನ ಚೀಲ ತೆಗೆಯಿರಿ, ಬಲೆ ಬಿಚ್ಚಿಸಿ. ತೂಬು ಎತ್ತಿ ಇಳಿಸಿ ನೋಡಿ. ಕೋಡಿಯಿಂದ ಕೆಳಗಿನ ಕೆರೆಯವರೆಗೆ ಹಳ್ಳದ ದಾರಿಯಲ್ಲಿ ಒತ್ತುವರಿ ಇದ್ದರೆ ಅದು ಸಂಘದ ಸದಸ್ಯನದೇ ಆಗಿದ್ದರೂ ಬಿಡಿಸಿ.

ಎಲ್ಲಕ್ಕಿಂತ ಕಷ್ಟದ ಬೇಡಿಕೆ ಇದು. ಏತ ನೀರಾವರಿಯಿಂದ ತುಂಬುವ ಕೆರೆಗಳಲ್ಲಿ ಸ್ವಾತಿ ಮಳೆ ಮುಗಿಯುವವರೆಗೆ, ಅಂದರೆ ನವೆಂಬರ್ ಮೊದಲ ವಾರದವರೆಗೆ, ಮೇಲಿನ ಎರಡು ಅಡಿ ಖಾಲಿ ಬಿಡಿ. ಮಳೆ ಬಂದರೆ ಕೆರೆ ತಾನೇ ತುಂಬಿಕೊಳ್ಳುತ್ತದೆ, ಕರೆಂಟಿನ ಖರ್ಚೂ ಉಳಿಯುತ್ತದೆ. ಬಾರದಿದ್ದರೆ ಹೊಳೆಯಲ್ಲಿ ಹರಿವಿರುವವರೆಗೆ ಆ ಎರಡು ಅಡಿಯನ್ನು ನವೆಂಬರ್‌ನಲ್ಲಿ ಎತ್ತಿಕೊಡಬೇಕೆಂದು ಜಿಲ್ಲಾಡಳಿತದಿಂದ ಬರವಣಿಗೆಯಲ್ಲಿ ಮಾತು ಪಡೆಯಿರಿ. ಆ ಮಾತು ಕೈಗೆ ಸಿಗದೆ ಯಾವ ರೈತನೂ ನೀರು ಬಿಟ್ಟುಕೊಡಲಾರ, ಬಿಟ್ಟುಕೊಡು ಎನ್ನುವುದೂ ನ್ಯಾಯವಲ್ಲ. ಈ ಪತ್ರವನ್ನು ಮುಂದಿನ ಸಭೆಯಲ್ಲಿ ಓದಿ, ಎರಡು ಅಡಿಯ ವಿಷಯವನ್ನು ಠರಾವಿಗೆ ಹಾಕಿ, ಠರಾವಿನ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ಕಳಿಸಿ.